ಹಿಂದಿನ ನಂಬರ್ ಪ್ಲೇಟು

ಅವತ್ತು ರಾತ್ರಿ ಗುಡುಗು ನಡೆದುಕೊಂಡು ಮನೆಗೆ ಹೊರಟಿದ್ದಳು. ಒಬ್ಬಳೇ. ಕೈಯಲ್ಲಿ ಟಾರ್ಚಿತ್ತು, ಅದರ ಸೆಲ್ಲು ಮುಗಿಯುತ್ತಾ ಬಂದಿತ್ತು. ಬೇಕರಿಯ ಬೆಳಕು ಹಿಂದೆ ಉಳಿಯಿತು… ಗೋದಾಮುಗಳ ಉದ್ದನೆಯ ಗೋಡೆ ಮುಗಿಯಿತು… ಮುಂದೆ ತಿರುವಿನಲ್ಲಿ ಆಲದ ಮರ. ಮರದ ಬುಡದಲ್ಲಿ ಬಾವಿ. ಈಗ ಯಾರೂ ನೀರು ಸೇದುವುದಿಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಕಟ್ಟೆ ಮಾತ್ರ ಇನ್ನೂ ಗಟ್ಟಿಯಾಗಿದೆ.

ನಗಬೇಡಿ. ಆಲದ ಮರ, ಬಾವಿ ಅಂದ ಕೂಡಲೇ ಮುಂದಿನದ್ದೆಲ್ಲ ಗೊತ್ತಾಯಿತು ಅನ್ನೋ ಮುಖ ಮಾಡಬೇಡಿ. ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ಗುಡುಗು ಅಂದರೆ ನಮ್ಮ ದೊಡ್ಡಮ್ಮನ ಮಗಳು. ಬೇಕರಿಯ ಬ್ರೆಡ್ಡು, ಬನ್ನು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುವ ನೀಲಿ ವ್ಯಾನು ಅವಳದ್ದು. ಸ್ವಂತದ್ದು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ಡ್ರೈವಿಂಗ್ ಲೈಸೆನ್ಸಿನಲ್ಲಿ ಸುಮ್ಮನೆ ಬಿದ್ದುಕೊಂಡಿದೆ. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ. ಯಾರಾದರೂ ರಸ್ತೆಗೆ ಅಡ್ಡ ಗಾಡಿ ನಿಲ್ಲಿಸಿದ್ದರೆ ಅವಳ ಹಾರ್ನಿಗಿಂತ ಮೊದಲು ಅವಳ ಬಾಯಿ ಕೇಳಿಸುತ್ತದೆ. ಆದರೆ ಒಂದು ಮಾತು. ಅವಳು ಸುಮ್ಮಸುಮ್ಮನೆ ಸಿಟ್ಟಾದದ್ದನ್ನು ನಾನಂತೂ ನೋಡಿಲ್ಲ.

ಅಂಥವಳು ವ್ಯಾನು ಬಿಟ್ಟು ನಡೆದು ಹೊರಟದ್ದು ಯಾಕೆ ಅಂದರೆ, ವ್ಯಾನಿನ ಹಿಂದಿನ ನಂಬರ್ ಪ್ಲೇಟು ಕಳೆದುಹೋಗಿತ್ತು.

ಅದು ಹೀಗಾಯಿತು. ಒಂದು ಸಂಜೆ ಇದೇ ತಿರುವು ದಾಟುವಾಗ ಹಿಂದೆ "ಠಣ್" ಅಂದಿತು. ಬ್ರೆಡ್ಡಿನ ತಟ್ಟೆ ಜಾರಿರಬೇಕು ಅಂದುಕೊಂಡಳು. ಮನೆಗೆ ಬಂದು ನೋಡಿದರೆ ವ್ಯಾನಿನ ಹಿಂಭಾಗ ಬೋಳು. ನಟ್ಟು, ಬೋಲ್ಟು ಅಲ್ಲೇ ಇದ್ದವು. ಬಿಗಿಯಾಗೇ ಇದ್ದವು. ಪ್ಲೇಟು ಮಾತ್ರ ಇಲ್ಲ.

ನಮ್ಮ ಕಡೆಯವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹೋದ ಬೇಸಿಗೆಯಿಂದ ಈಚೆಗೆ ಆ ತಿರುವಿನಲ್ಲಿ ಪ್ಲೇಟು ಬೀಳುವುದು ಹೊಸದೇನಲ್ಲ. ಟೈಲರ್ ಸ್ಕೂಟರಿನದ್ದು ಬಿದ್ದಿತ್ತು, ಗ್ಯಾಸ್ ಸಿಲಿಂಡರ್ ಹಾಕುವವನ ಗಾಡಿಯದ್ದು ಬಿದ್ದಿತ್ತು, ಹಲ್ಲಿನ ಡಾಕ್ಟರ ಕಾರಿನದ್ದೂ ಬಿದ್ದಿತ್ತು. ಬೆಳಿಗ್ಗೆ ಎದ್ದು ಹೋಗಿ ನೋಡಿದರೆ ಬಾವಿಕಟ್ಟೆಯ ಮೇಲೆ ಪ್ಲೇಟು ನೆಟ್ಟಗೆ ನಿಲ್ಲಿಸಿರುತ್ತದೆ, ನಂಬರು ರಸ್ತೆಯ ಕಡೆಗೆ. ಯಾರೋ ಪುಣ್ಯಾತ್ಮರು ಎತ್ತಿಟ್ಟಿದ್ದಾರೆ ಅಂದುಕೊಂಡು ಜನ ತಂದು ಮತ್ತೆ ಹಾಕಿಕೊಳ್ಳುತ್ತಿದ್ದರು. ಪ್ಲೇಟು ಕಳೆದರೆ ಬೇರೆ ಊರಿನವರು ಠಾಣೆಗೆ ಓಡುತ್ತಾರೆ. ನಮ್ಮವರು ಬಾವಿಗೆ ಹೋಗುತ್ತಾರೆ ಅಂತ ತಮಾಷೆ ಬೇರೆ.

ಗುಡುಗೂ ಹೋದಳು. ಕಟ್ಟೆಯ ಮೇಲೆ ಏನೂ ಇರಲಿಲ್ಲ. ಮಾರನೆಯ ದಿನ ಹೋದಳು. ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಎಲ್ಲರಿಗೂ ವಾಪಸ್ಸು ಕೊಟ್ಟ ಬಾವಿ ಅವಳದ್ದೊಂದನ್ನು ಇಟ್ಟುಕೊಂಡಿತು.

ಸಿಟ್ಟು ಬರದೆ ಇರುತ್ತದೆಯೇ? ಸೀದಾ ಸಾರಿಗೆ ಕಚೇರಿಗೆ ಹೋದಳು. ಕಿಟಕಿಯ ಆಚೆಗಿದ್ದವನು ತಲೆ ಎತ್ತಲೂ ಇಲ್ಲ. "ಮೊದಲು ಠಾಣೇಲಿ ದೂರು ಕೊಡಿ. ಅದರ ಪ್ರತಿ ತನ್ನಿ. ಅದೇ ನಂಬರಿಗೆ ಹೊಸ ಪ್ಲೇಟು ಮಾಡ್ಸಿಕೊಡ್ತೀವಿ. ಮುಂದೆ ಯಾರು?" ಸರಿ, ಅದಾದರೂ ಒಂದು ದಾರಿ ಅಂತ ಠಾಣೆಗೆ ಹೋದಳು.

ಠಾಣೆಯಲ್ಲಿ ದೂರು ಬರೆದುಕೊಳ್ಳುವವನು ರೈಟರ್. ಅವನು ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಕೇಳಿದ, "ಎಲ್ಲಿ ಬಿತ್ತು?"

"ಬಾವಿ ತಿರುವಲ್ಲಿ."

"ರಸ್ತೆ ಈ ಕಡೆಗೋ, ಆ ಕಡೆಗೋ?"

"ಅದೇನ್ ವ್ಯತ್ಯಾಸ ಸಾರ್?"

"ಈ ಕಡೆ ಆದ್ರೆ ನಮ್ಮ ಸರಹದ್ದು. ಆ ಕಡೆ ಆದ್ರೆ ಪಕ್ಕದ ಠಾಣೆದು. ಬಿದ್ದಿದ್ದು ನೀವು ಕಣ್ಣಾರೆ ನೋಡಿದ್ರಾ?"

"ನಾನು ಮುಂದೆ ನೋಡ್ಕೊಂಡು ಗಾಡಿ ಓಡಿಸ್ತಿದ್ದೆ ಸಾರ್. ಹಿಂದೆ ನೋಡ್ಕೊಂಡು ಓಡಿಸಿದ್ರೆ ಬೇರೆ ದೂರು ಬರ್ಕೋಬೇಕಾಗಿತ್ತು ನೀವು."

ರೈಟರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. "ನಾಳೆ ಬಾವಿ ಹತ್ರ ನೋಡಿ. ಸಿಗುತ್ತೆ ಬಿಡಿ. ನಮ್ಮ ಬೈಕಿಂದೂ ಹಾಗೇ ಸಿಕ್ಕಿತ್ತು."

ಪಕ್ಕದ ಠಾಣೆಯವನೂ ಇದೇ ಪದ ಹಾಡಿದ. ದೂರಿಲ್ಲದೆ ಪ್ಲೇಟಿಲ್ಲ, ಕಡೆ ಗೊತ್ತಿಲ್ಲದೆ ದೂರಿಲ್ಲ, ಪ್ಲೇಟಿಲ್ಲದೆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಇದೊಂದು ಆಟ. ವ್ಯಾನು ನಿಂತರೆ ಬೇಕರಿಯವರು ಕಾಯುತ್ತಾರೆಯೇ? ಲೋಡನ್ನು ಬೇರೆ ಆಟೋದವನಿಗೆ ಕೊಟ್ಟರು. ಗುಡುಗಿಗೆ, ಸದ್ಯಕ್ಕೆ ರಾತ್ರಿ ಬ್ರೆಡ್ಡು ಪ್ಯಾಕ್ ಮಾಡು ಅಂದರು. ಇನ್ನು ಸ್ವಲ್ಪ ದಿನ ಹೀಗೇ ಆದರೆ ಆ ಲೈನು ಅವನದ್ದೇ ಆಗುತ್ತದೆ, ತನ್ನ ಹೊಟ್ಟೆಪಾಡು ಹೋದ ಹಾಗೇ ಅಂತ ಅವಳಿಗೆ ಗೊತ್ತಿತ್ತು.

ಮೊದಲ ಸಲ ನಮ್ಮ ಠಾಣೆಗೆ ಹೋದಾಗಲೇ ಅವಳು ಇನ್ನೊಂದನ್ನು ನೋಡಿದ್ದಳು. ಗೋಡೆಗೆ ಹಾಕಿದ ಬೆಂಚಿನ ಮೇಲೆ ಒಬ್ಬಳು ಅಜ್ಜಿ ಕೂತಿದ್ದಳು. ಅವಳ ಮಗಳು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಹೋದ ಬೇಸಿಗೆಯಲ್ಲಿ ಸಂಜೆ ಪಾಳಿ ಮುಗಿಸಿ ರಾತ್ರಿ ನಡೆದು ಬರುವಾಗ ಬಾವಿ ತಿರುವಿನಲ್ಲಿ ಯಾವುದೋ ಗಾಡಿ ಗುದ್ದಿ ಹೋಗಿತ್ತು. ಬೆಳಗಾಗುವವರೆಗೆ ಯಾರೂ ನೋಡಲಿಲ್ಲ. ನೋಡುವ ಹೊತ್ತಿಗೆ ಮುಗಿದಿತ್ತು. ಅಜ್ಜಿ ಅವತ್ತಿನಿಂದ ಬರುತ್ತಾಳೆ, ಬೆಂಚಿನ ಮೇಲೆ ಕೂರುತ್ತಾಳೆ, ಕೇಳುತ್ತಾಳೆ.

"ನಂಬರ್ರೇ ಗೊತ್ತಿಲ್ಲದೆ ಇದ್ರೆ ನಾವೇನ್ ಮಾಡೋಕಾಗುತ್ತೆ ಅಜ್ಜಿ?" ಅಂತ ರೈಟರ್ ಅಂದ. "ಊರಲ್ಲಿ ಎಷ್ಟು ಗಾಡಿ ಇದಾವೆ. ಎಲ್ಲಾನೂ ಹಿಡ್ಕೊಂಡು ಬರೋಣ್ವಾ?"

ಗುಡುಗಿಗೆ ತನ್ನ ಪ್ಲೇಟು ಮರೆತುಹೋಯಿತು. "ವಯಸ್ಸಾದವರ ಹತ್ರ ಹೀಗಾ ಮಾತಾಡೋದು? ಮಗಳು ಹೋಗಿರೋದು ರೀ ಅವರದ್ದು, ಛತ್ರಿ ಕಳ್ಕೊಂಡು ಬಂದಿಲ್ಲ!" ಅಂತ ಕೂಗಿದಳು. ಆಚೆ ಹೋಗಮ್ಮ ಅಂದರು. ಆಚೆ ಬಂದಳು. ಅವಳಿಗೆ ಆ ಸಾವಿನ ವಿಷಯದಲ್ಲಿ ಮೊದಲಿಂದಲೂ ಕೋಪವಿತ್ತು. ಸುದ್ದಿ ಬಂದ ದಿನ ಮನೆಯಲ್ಲಿ ಕೂತು ಆ ಡ್ರೈವರನಿಗೆ ಎಂಥೆಂಥ ಶಾಪ ಹಾಕಿದ್ದಳು ಅಂದರೆ, ಎದುರಿಗೆ ಕೂತು ಬನ್ನು ತಿನ್ನುತ್ತಿದ್ದ ಅವಳ ತಮ್ಮ ಅರ್ಧಕ್ಕೇ ಎದ್ದು ಹೋಗಿದ್ದ.

ಈ ತಮ್ಮನ ವಿಷಯ ಹೇಳಿಬಿಡುತ್ತೇನೆ. ದೊಡ್ಡಮ್ಮ ತೀರಿಕೊಂಡಾಗ ಅವನಿಗೆ ಮೀಸೆ ಕೂಡ ಬಂದಿರಲಿಲ್ಲ. ಗುಡುಗೇ ಸಾಕಿದಳು, ಕೆಲಸ ಕಲಿಯಲು ಹಾಕಿದಳು. ಒಳ್ಳೆಯ ಮೆಕ್ಯಾನಿಕ್ ಆದ. ಮನೆಯ ಮುಂದಿನ ಶೆಡ್ಡಿನಲ್ಲೇ ಗ್ಯಾರೇಜು. ಊರಿನವರ ಗಾಡಿಯೆಲ್ಲ ರಿಪೇರಿ ಮಾಡುತ್ತಾನೆ, ಅಕ್ಕನ ವ್ಯಾನಿನ ಬಾಗಿಲು ಮಾತ್ರ ಇವತ್ತಿಗೂ ಸರಿಯಾಗಿಲ್ಲ. ತೆಗೆದರೆ "ಕೀಂ…" ಅನ್ನುತ್ತದೆ. ಹಾಕುವಾಗ ಒಂದು ಸಲಕ್ಕೆ ಕೂರುವುದಿಲ್ಲ. "ಧಡ್" ಅಂತ ಹಾಕಬೇಕು, ಮತ್ತೆ ಇನ್ನೊಂದು ಸಲ "ಧಡ್." ಗಲ್ಲಿಯ ಕೊನೆಗೇ ಗೊತ್ತಾಗುತ್ತದೆ, ಗುಡುಗು ಬಂದಳು ಅಂತ.

ಪ್ಲೇಟು ಹೋದದ್ದು ಕೇಳಿ ತಮ್ಮನ ಮುಖ ಬಿಳಿಚಿಕೊಂಡಿತ್ತು. "ಠಾಣೆಗೆಲ್ಲ ಯಾಕಕ್ಕ ಹೋಗ್ತೀಯ? ಸ್ಟಿಕ್ಕರ್ ಅಂಗಡೀಲಿ ಅಂಥದ್ದೇ ಇನ್ನೊಂದು ಮಾಡ್ಸಿ ನಾನೇ ಹಾಕ್ತೀನಿ," ಅಂದ.

"ಕಳ್ಳ ಪ್ಲೇಟು ಹಾಕ್ಕೊಂಡು ಓಡಿಸ್ಲಾ? ಏನೋ ಮಾಡಿರೋಳ ಥರ?"

"ಹಾಗಲ್ಲ… ಸರಿ ಬಿಡು. ಆ ಬಾವಿ ಹತ್ರ ರಾತ್ರಿ ಹೊತ್ತು ಮಾತ್ರ ಬರ್ಬೇಡ."

ಮತ್ತೆ ಯಾವ ದಾರಿಯಲ್ಲಿ ಬರಬೇಕು? ಇರುವುದೇ ಅದೊಂದು ದಾರಿ.

ಹಾಗೆ ಬರುತ್ತಿದ್ದಳು ಅವತ್ತು. ಗೋದಾಮಿನ ಗೋಡೆ ಮುಗಿದದ್ದೇ ತಡ, ಕೇಳಿಸಿತು.

"ಕರ್ರ್… ಕರ್ರ್…"

ಕಲ್ಲಿನ ಮೇಲೆ ತಗಡು ಎಳೆದ ಸದ್ದು. ನಿಂತಳು. ಸದ್ದೂ ನಿಂತಿತು. ಗಾಳಿ ಇರಲಿಲ್ಲ, ಆಲದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಒಂದು ಹೆಜ್ಜೆ ಇಟ್ಟಳು…

"ಟಕ್… ಟಕ್… ಟಕ್…"

ಉಗುರಿನಿಂದ ತಗಡನ್ನು ತಟ್ಟಿದ ಹಾಗೆ. ನಿಧಾನವಾಗಿ. ಒಂದೊಂದು ಅಂಕಿಗೂ ಒಂದೊಂದು.

ಟಾರ್ಚನ್ನು ಆ ಕಡೆ ತಿರುಗಿಸಿದಳು. ಹಳದಿ ಬೆಳಕು ಕಟ್ಟೆಯವರೆಗೆ ಕಷ್ಟಪಟ್ಟು ಹೋಯಿತು. ಯಾರೋ ಕೂತಿದ್ದಾರೆ. ಹೆಂಗಸು. ಬೆನ್ನು ಈ ಕಡೆಗೆ. ಮಂಡಿಯ ಮೇಲೆ ತಗಡಿದೆ. ಆ ತಗಡು ಯಾವುದು ಅಂತ ಗುಡುಗಿಗೆ ಅಷ್ಟು ದೂರದಿಂದಲೇ ತಿಳಿಯಿತು. ಒಂದು ಮೂಲೆ ಸೊಟ್ಟಗಾಗಿತ್ತು, ಬೇಕರಿಯ ಗೇಟಿಗೆ ತಾನೇ ತಾಗಿಸಿದ್ದು.

ನೀವಾಗಿದ್ದರೆ, ನಾನಾಗಿದ್ದರೆ, ಅಲ್ಲಿಂದಲೇ ಓಟ. ಗುಡುಗಿಗೆ ಹೆದರಿಕೆ ಯಾವಾಗಲೂ ಸಿಟ್ಟಿನ ಆಮೇಲೆ ಬರುತ್ತದೆ. ಓಹೋ, ನೀನೇನಾ ಕಳ್ಳಿ, ನಿನ್ನಿಂದ ನನ್ನ ಬಾಳು ಬೀದಿಗೆ ಬಂತಲ್ಲೇ ಅಂತ ದಾಪುಗಾಲು ಹಾಕಿ ಹತ್ತಿರ ಹೋದಳು. ಬೈಯಬೇಕು ಅಂತಲೇ ಬಾಯಿ ತೆಗೆದಳು. ಬಂದದ್ದು ಪಿಸುಮಾತು.

"ಅದು… ನಂದು. ಕೊಡಿ."

ಆ ಹೆಂಗಸು ತಿರುಗಲಿಲ್ಲ. ಮೈಮೇಲೆ ತಿಳಿಹಸಿರು ಕೋಟು, ಆಸ್ಪತ್ರೆಯವರು ಹಾಕಿಕೊಳ್ಳುವಂಥದ್ದು. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಬರಿಗಾಲು.

"ನಿಂದಾ…" ಅಂದಳು. ದನಿ ಒಣಗಿತ್ತು.

"ನಂದೇ. ಎಲ್ಲರದ್ದೂ ವಾಪಸ್ ಕೊಟ್ರಲ್ಲ. ನಂದು ಯಾಕೆ…"

"ಅವೆಲ್ಲ ಅಲ್ಲ. ಒಂದೊಂದೇ ನೋಡ್ದೆ… ಅಲ್ಲ."

"ಏನಲ್ಲ?"

"ನಿನ್ನ ಗಾಡಿ ಬಾಗಿಲು… ತೆಗೆದ್ರೆ ಕೀಂ ಅನ್ನುತ್ತಾ?"

"ಹೂಂ…"

"ಹಾಕೋವಾಗ ಎರಡು ಸಲ…"

"ಹೂಂ."

"ಅವತ್ತು ತೆಗೆದ. ಕೀಂ ಅಂತು. ಇಳೀತಾನೆ ಅಂದ್ಕೊಂಡೆ… ಮತ್ತೆ ಹಾಕ್ಕೊಂಡ. ಎರಡು ಸಲ."

"ಯಾರು? ಯಾರಮ್ಮ?"

"ಹಸಿ ಬಣ್ಣದ ವಾಸನೆ ಬರ್ತಿತ್ತು… ತಲೆ ಎತ್ತಿ ನೋಡ್ದೆ. ನಂಬರ್ ನೋಡ್ಕೋಬೇಕು ಅಂತ. ಹಿಂದೆ ಬೋಳು. ಏನೂ ಇರ್ಲಿಲ್ಲ…" ಉಗುರು ಮತ್ತೆ ತಗಡಿನ ಮೇಲೆ ಬಿತ್ತು. ಟಕ್. "ಇದ್ದಿದ್ರೆ ಹೇಳ್ತಿದ್ದೆ. ಬೆಳಗಾಗೋ ತನಕ ಇದ್ನಲ್ಲ ನಾನು… ಯಾರಾದ್ರೂ ಬಂದ್ರೆ ಹೇಳೋಣ ಅಂತ."

ಗುಡುಗು ಟಾರ್ಚಿನ ಬೆಳಕನ್ನು ಆ ಬರಿಗಾಲಿನ ಕಡೆ ಇಳಿಸಿದಳು.

"ಯಾರು ಓಡಿಸ್ತಿದ್ದಿದ್ದು?" ಅಂತ ಆ ಹೆಂಗಸು ಕೇಳಿದಳು. ಪಿಸುದನಿಯೇ. ಆದರೆ ಅದರಲ್ಲಿದ್ದ ಕೋಪ ಇದೆಯಲ್ಲ, ಅಂಥ ಕೋಪ ತನ್ನ ಮೈಯಲ್ಲೂ ಯಾವತ್ತೂ ಹುಟ್ಟಿಲ್ಲ ಅಂತ ಗುಡುಗೇ ಹೇಳುತ್ತಾಳೆ. "ನಂಗ್ ಗೊತ್ತಿಲ್ಲ. ನೀನ್ ಹೇಳ್ಬೇಕು…"

ಟಾರ್ಚು ಆರಿತು. ತಟ್ಟಿದಳು, ಮತ್ತೆ ಹತ್ತಿತು. ಕಟ್ಟೆಯ ಮೇಲೆ ಯಾರೂ ಇಲ್ಲ. ಪ್ಲೇಟೂ ಇಲ್ಲ.

ಆಮೇಲೆ ಅವಳು ಓಡಿದಳು. ಓಡುತ್ತಾ ಓಡುತ್ತಾ ತಲೆಯಲ್ಲಿ ಒಂದೊಂದೇ ಕೂಡಿಕೊಂಡಿತು. ಹೋದ ಬೇಸಿಗೆಯಲ್ಲಿ ವ್ಯಾನಿಗೆ ನೀಲಿ ಬಣ್ಣ ಹೊಡೆಸಿದ್ದು. ಹೊಡೆದವನು ತಮ್ಮ. ನಾಳೆ ಒಯ್ಯಿ ಅಂದವನು, ಮಾರನೆಯ ಬೆಳಿಗ್ಗೆ ಬದಲಾಯಿಸಿದ್ದ. "ಇನ್ನೊಂದು ದಿನ ಬೇಕಕ್ಕ, ಮುಂದೆ ಎಡಗಡೆ ಸ್ವಲ್ಪ ಟಚ್ಚಿಂಗ್ ಇದೆ." ಅದೇ ದಿನ, ಅದೇ ಬೆಳಿಗ್ಗೆ, ಬಾವಿಯ ಹತ್ತಿರ ಆಯಾ ಸತ್ತು ಬಿದ್ದಿದ್ದಾಳೆ ಅಂತ ಸುದ್ದಿ ಬಂದದ್ದು.

ಗ್ಯಾರೇಜಿನವರ ಒಂದು ರೂಢಿ ನಿಮಗೆ ಗೊತ್ತಿರಲಿಕ್ಕಿಲ್ಲ. ಬಣ್ಣದ ಕೆಲಸಕ್ಕೆ ಗಾಡಿ ಬಂದರೆ ಮೊದಲು ಬಿಚ್ಚುವುದು ನಂಬರ್ ಪ್ಲೇಟು. ಎಲ್ಲ ಮುಗಿದು, ತೊಳೆದು, ಒರೆಸಿ, ಕೊನೆಗೆ ಹಾಕುವುದೂ ಅದನ್ನೇ. ನಡುವೆ ಗಾಡಿ ಹೇಗೆ ಓಡುತ್ತದೆ ಅಂತ ನೋಡಲು ಒಂದು ಸುತ್ತು ಟ್ರಯಲ್ ಹೋಗುತ್ತಾರೆ. ಬೋಳು ಗಾಡಿಯಲ್ಲೇ. ಪೊಲೀಸರು ಹಿಡಿದರೆ "ಟ್ರಯಲ್ ಸಾರ್" ಅಂದರೆ ಸಾಕು, ಬಿಡುತ್ತಾರೆ. ಎಲ್ಲ ಗ್ಯಾರೇಜಿನವರೂ ಮಾಡುತ್ತಾರೆ. ಯಾರಿಗೂ ಇದು ತಪ್ಪು ಅಂತ ಅನ್ನಿಸಿಯೇ ಇಲ್ಲ.

ಶೆಡ್ಡಿನಲ್ಲಿ ಬಲ್ಬು ಉರಿಯುತ್ತಿತ್ತು. ತಮ್ಮ ಯಾವುದೋ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಗುಡುಗು ಅವನ ಕಡೆ ನೋಡದೆ ಸೀದಾ ವ್ಯಾನಿನ ಹತ್ತಿರ ಹೋದಳು. ಬಾಗಿಲು ತೆಗೆದಳು. "ಕೀಂ…" ಹಾಕಿದಳು. "ಧಡ್." ಮತ್ತೆ "ಧಡ್."

ತಮ್ಮನ ಕೈಯಿಂದ ಎಣ್ಣೆಯ ಡಬ್ಬಿ ಕೆಳಗೆ ಬಿತ್ತು.

"ಬಣ್ಣ ಹೊಡೆದ ಮೇಲೆ ಟ್ರಯಲ್ ಹೋಗಿದ್ಯಲ್ಲ," ಅಂದಳು. "ಎಲ್ಲಿಗೆ ಹೋಗಿದ್ದೆ?"

"ಯಾವಾಗ?"

"ನಂಗೆ ಯಾವಾಗ ಅಂತ ಕೇಳ್ಬೇಡ."

ಎಣ್ಣೆ ನೆಲದ ಮೇಲೆ ಹರಿಯುತ್ತಿತ್ತು. ಒಳಗೆ ಅವನ ಹೆಂಡತಿ ಪಾತ್ರೆ ಜೋಡಿಸುವ ಸದ್ದು ಬರುತ್ತಿತ್ತು.

"ಪ್ಲೇಟ್ ಹಾಕಿದ್ಯಾ?"

"ಟ್ರಯಲ್ಲಿಗೆ ಯಾರಕ್ಕ ಹಾಕ್ತಾರೆ…" ಅಂದ. ಅಂದ ಮೇಲೆ ಅವನಿಗೆ ತಾನು ಏನು ಒಪ್ಪಿಕೊಂಡೆ ಅಂತ ಗೊತ್ತಾಗಿ ನೆಲಕ್ಕೆ ಕುಸಿದ. "ಕತ್ಲಲ್ಲಿ ಕಾಣಿಸ್ಲಿಲ್ಲ ಅಕ್ಕ. ತಿರುವು. ದೇವ್ರಾಣೆ ಕಾಣಿಸ್ಲಿಲ್ಲ."

"ನಿಲ್ಲಿಸ್ದೆ ತಾನೆ?"

"ನಿಲ್ಲಿಸ್ದೆ. ಇಳಿಯೋಣ ಅಂತ ಬಾಗಿಲೂ ತೆಗೆದೆ."

"ಮತ್ತೆ?"

"ಕನ್ನಡೀಲಿ ನೋಡ್ದೆ. ಬದುಕಿದ್ಲು ಅಕ್ಕ. ತಲೆ ಎತ್ತಿ ಗಾಡಿ ಹಿಂಭಾಗಾನೇ ನೋಡ್ತಿದ್ಲು. ಯಾಕೆ ಹಾಗೆ ನೋಡ್ತಿದಾಳೆ ಅಂದ್ಕೊಂಡೆ… ಆಮೇಲೆ ಹೊಳೀತು. ನಂಬರ್ ಇಲ್ವಲ್ಲ ಅಂತ."

"ಹೊಳೆದು?"

ಅವನು ಮುಖ ಮುಚ್ಚಿಕೊಂಡ. "ಬಾಗಿಲು ಹಾಕ್ಕೊಂಡೆ."

ನೋಡಿ, ಇದನ್ನು ಹೇಳುವಾಗ ನನಗೇ ಮೈ ಉರಿಯುತ್ತದೆ. ಕತ್ತಲಲ್ಲಿ ಕಾಣಿಸಲಿಲ್ಲ, ಗುದ್ದಿದ, ಅದು ಆಗುತ್ತದೆ. ಹೆದರಿ ಓಡಿಹೋದ ಅಂದರೂ ಒಂದು ಥರ. ಇವನು ಹೆದರಿ ಓಡಲಿಲ್ಲ. ಇಳಿಯಲು ಹೊರಟವನು, ಪ್ಲೇಟಿಲ್ಲ ಅಂತ ನೆನಪಾದದ್ದಕ್ಕೆ ಹೋದ. ಒಂದು ತುಂಡು ತಗಡು ಇದ್ದಿದ್ದರೆ ಮನುಷ್ಯನಾಗಿರುತ್ತಿದ್ದ.

ಗುಡುಗಿಗೆ ಅವಳ ದನಿ ವಾಪಸ್ಸು ಬಂತು. ಗಲ್ಲಿಯ ದೀಪಗಳೆಲ್ಲ ಹತ್ತಿಕೊಂಡವು.

"ಆಸ್ಪತ್ರೆ ಹತ್ರಾನೇ ಇತ್ತಲ್ಲೋ! ಅವಳೇ ಆಸ್ಪತ್ರೆಯವಳಲ್ಲೋ! ಹೊತ್ತಿಲ್ಲದ ಹೊತ್ತಲ್ಲಿ ಊರಿನವರ ನೋವಿಗೆ ಎದ್ದು ಓಡೋಳು. ಬೆಳಗಾಗೋ ತನಕ ಬದುಕಿದ್ಲು, ಗೊತ್ತಾ ನಿಂಗೆ? ಗೊತ್ತೇನೋ? ನಾನು ಅವತ್ತು ಆ ಡ್ರೈವರ್‌ಗೆ ಶಾಪ ಹಾಕ್ತಿದ್ರೆ ಎದುರಿಗೆ ಕೂತು ಬನ್ನು ತಿಂದ್ಯಲ್ಲೋ! ನನ್ನ ಗಾಡೀಲಿ! ಆಮೇಲೆ ಅದೇ ಗಾಡೀಲಿ ನಾನು ದಿನಾ ಅದೇ ಜಾಗದ ಮೇಲೆ ಬ್ರೆಡ್ಡು ತಗೊಂಡು ಹೋಗಿದೀನಲ್ಲೋ!"

ಕೈಗೆ ಸಿಕ್ಕ ಬಣ್ಣದ ಡಬ್ಬಿಗಳನ್ನೆಲ್ಲ ಎತ್ತಿ ಎಸೆದಳು. ಅವನ ಹೆಂಡತಿ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ತಮ್ಮ ಕಾಲು ಹಿಡಿದುಕೊಂಡ.

"ಅಕ್ಕ, ನಾನು ಒಳಗೆ ಹೋದ್ರೆ ಗ್ಯಾರೇಜು ಹೋಗುತ್ತೆ. ಕೇಸಲ್ಲಿ ವ್ಯಾನೂ ಎಳ್ಕೊಂಡು ಹೋಗ್ತಾರೆ. ನಿಂಗೇನ್ ಉಳಿಯುತ್ತೆ ಹೇಳು? ನಾಳೆನೇ ಪ್ಲೇಟ್ ಮಾಡ್ಸಿ ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ. ನೀನೇ ಸಾಕಿದ್ದಲ್ವಾ ನನ್ನ…"

"ಹೂಂ. ನಾನೇ ಸಾಕಿದ್ದು," ಅಂದಳು ಗುಡುಗು. "ಅದಕ್ಕೇ ಹೇಳ್ತಿದೀನಿ. ಬೆಳಿಗ್ಗೆ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

ರಾತ್ರಿಯೆಲ್ಲ ಅವಳು ವ್ಯಾನಿನೊಳಗೆ ಕೂತಿದ್ದಳು. ಅವನು ಓಡಿಹೋಗದ ಹಾಗೆ ಕಾವಲಿಗೋ, ಆ ವ್ಯಾನಿನಲ್ಲಿ ಇನ್ನು ಮುಂದೆ ಕೂರಲು ಆಗುವುದಿಲ್ಲ ಅಂತಲೋ, ಅವಳು ಹೇಳಿಲ್ಲ. ತಮ್ಮ ಓಡಿಹೋಗಲಿಲ್ಲ. ಬೆಳಿಗ್ಗೆ ಮುಖ ತೊಳೆದುಕೊಂಡು ಬಂದು ಅಕ್ಕನ ಹಿಂದೆ ನಡೆದ. ಬಾವಿಯ ಹತ್ತಿರ ಬಂದಾಗ ಮಾತ್ರ ಅವಳ ಮೊಣಕೈ ಹಿಡಿದುಕೊಂಡ, ಚಿಕ್ಕವನಿದ್ದಾಗ ರಸ್ತೆ ದಾಟುವಾಗ ಹಿಡಿದುಕೊಳ್ಳುತ್ತಿದ್ದ ಹಾಗೆ. ಅವಳು ಕೊಡವಿ ಹಾಕಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ.

ಠಾಣೆಯಲ್ಲಿ ರೈಟರ್ ಚಹಾ ಕುಡಿಯುತ್ತಿದ್ದ. "ಏನಮ್ಮ, ಸಿಕ್ತಾ ಪ್ಲೇಟು?"

"ಇಲ್ಲ ಸಾರ್. ಗಾಡಿ ಸಿಕ್ತು."

"ಯಾವ ಗಾಡಿ?"

"ನೀವು ಹುಡುಕ್ದೇ ಇದ್ದಿದ್ದು." ಅವಳು ಬೆಂಚಿನ ಕಡೆ ತಿರುಗಿದಳು. ಅಜ್ಜಿ ಅಲ್ಲೇ ಕೂತಿದ್ದಳು. "ಪೆನ್ ತಗೊಳ್ಳಿ. ರಸ್ತೆ ಈ ಕಡೆ, ನಿಮ್ಮ ಸರಹದ್ದೇ. ಇವನು ಹೇಳ್ತಾನೆ, ನೀವು ಬರ್ಕೊಳ್ಳಿ. ಈ ಸಲ ಪೆನ್ನು ಜೇಬಿಗೆ ಹೋದ್ರೆ ನಾನು ಇಲ್ಲಿಂದ ಏಳಲ್ಲ."

ತಮ್ಮ ಹೇಳಿದ. ಪೂರ್ತಿ ಹೇಳಿದ, ಬಾಗಿಲಿನ ಮಾತೂ ಸೇರಿಸಿ. ರೈಟರನ ಚಹಾ ಆರಿಹೋಯಿತು. ಅಜ್ಜಿ ಎದ್ದು ಹತ್ತಿರ ಬಂದಳು. ಹೊಡೆಯುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಹೊಡೆಯಲಿಲ್ಲ, ಅಳಲಿಲ್ಲ. ತಮ್ಮನ ಮುಖವನ್ನೇ ನೋಡಿ ಒಂದು ಮಾತು ಕೇಳಿದಳು.

"ಬಾಗ್ಲು ತೆಗೆದಿದ್ಯಲ್ಲಪ್ಪ… ಇಳಿಯೋಕೆ ಇನ್ನೆಷ್ಟು ಹೊತ್ತಾಗ್ತಿತ್ತು?"

ತಮ್ಮ ಈಗ ಜೈಲಿನಲ್ಲಿದ್ದಾನೆ. ಗುಡುಗು ನೋಡಲು ಹೋಗುತ್ತಾಳೆ, ಬಟ್ಟೆ ಒಯ್ಯುತ್ತಾಳೆ, ಬೈದು ಬರುತ್ತಾಳೆ. ವ್ಯಾನಿನ ಮುಂದೆ ಎಡಗಡೆಯ ಬಣ್ಣ ಕೆರೆದು ನೋಡಿದಾಗ ಒಳಗೆ ತಗ್ಗು ತುಂಬಿಸಿದ ಗುರುತು ಸಿಕ್ಕಿತು, ಕೇಸು ಗಟ್ಟಿಯಾಯಿತು. ಬಾವಿಯ ಜಾಲರಿ ಎತ್ತಿ ಹುಡುಕಿಸಿದರು. ಕೆಸರು ಮಾತ್ರ ಬಂತು. ಪ್ಲೇಟು ಸಿಗಲಿಲ್ಲ. ಆ ತಿರುವಿನಲ್ಲಿ ಆಮೇಲೆ ಯಾರ ಪ್ಲೇಟೂ ಬಿದ್ದಿಲ್ಲ.

ಬೇಕರಿಯ ಲೈನು ಆ ಆಟೋದವನದ್ದೇ ಆಯಿತು. ಗುಡುಗು ಪ್ಯಾಕಿಂಗಿನಲ್ಲೇ ಇದ್ದಾಳೆ, ಅದೇ ದಾರಿಯಲ್ಲಿ ನಡೆದು ಬರುತ್ತಾಳೆ. ಕಟ್ಟಿಕೊಂಡ ಬದುಕನ್ನು ತನ್ನ ಕೈಯಾರೆ ಹಾಳು ಮಾಡಿಕೊಂಡಳು ಅನ್ನುವವರಿದ್ದಾರೆ. ತಮ್ಮನನ್ನೇ ಹಿಡಿದುಕೊಟ್ಟವಳು ಅಂತ ಮುಖ ತಿರುಗಿಸುವವರೂ ಇದ್ದಾರೆ. ಬಾವಿಯೂ ಇಲ್ಲ, ಹೆಂಗಸೂ ಇಲ್ಲ, ಅವಳಿಗೆ ಮೊದಲೇ ಅನುಮಾನ ಇತ್ತು, ಕನಸು ಕಂಡಿರಬೇಕು ಅಂತ ನಮ್ಮ ಮನೆಯಲ್ಲೇ ಹೇಳುತ್ತಾರೆ. ಅಂಥವರ ಹತ್ತಿರ ನಾನು ವಾದ ಮಾಡುವುದಿಲ್ಲ. ನಡೀರಿ, ಠಾಣೆಯ ಹಿತ್ತಲಿಗೆ ಹೋಗೋಣ ಅನ್ನುತ್ತೇನೆ.

ಕೇಸಿನ ಗಾಡಿಗಳನ್ನೆಲ್ಲ ಅಲ್ಲೇ ನಿಲ್ಲಿಸುತ್ತಾರೆ. ಬಿಸಿಲು, ಗಾಳಿ, ಧೂಳು. ಒಂದರ ಬಣ್ಣವೂ ಗುರುತು ಸಿಗುವುದಿಲ್ಲ, ಬೆರಳಿಟ್ಟರೆ ಗೆರೆ ಮೂಡುತ್ತದೆ. ಕೊನೆಯಲ್ಲಿ ಗುಡುಗಿನ ವ್ಯಾನಿದೆ. ಅದಕ್ಕೂ ಅಷ್ಟೇ ಧೂಳು, ಗಾಜಿನ ಮೇಲೆ, ಬಾಗಿಲ ಮೇಲೆ, ಮುಂದಿನ ಪ್ಲೇಟಿನ ಮೇಲೂ. ಹಿಂದೆ ಪ್ಲೇಟಿಲ್ಲವಲ್ಲ, ಅದಕ್ಕೆ ಪೊಲೀಸರೇ ಬಿಳಿ ಬಣ್ಣದಲ್ಲಿ ನಂಬರು ಬರೆಸಿದ್ದಾರೆ. ಆ ನಂಬರಿನ ಮೇಲೆ ಒಂದು ಕಣ ಧೂಳಿಲ್ಲ. ನೀವು ಯಾವತ್ತಾದರೂ ಹೋಗಿ, ಯಾವ ಹೊತ್ತಿಗಾದರೂ ಹೋಗಿ. ಒರೆಸುವವರು ಯಾರೂ ಇಲ್ಲ, ಆ ಗೇಟಿಗೆ ಯಾವಾಗಲೂ ಬೀಗ. ನಾನು ನೋಡಿದ್ದೇನೆ. ರೈಟರ್ ಕೂಡ ನೋಡಿದ್ದಾನೆ, ಕೇಳಿದರೆ ಮಾತು ಬದಲಾಯಿಸುತ್ತಾನೆ. ಸುತ್ತ ಪೂರ್ತಿ ಧೂಳು… ನಡುವೆ ಅಷ್ಟು ಜಾಗ ಮಾತ್ರ ಚೊಕ್ಕ. ನಂಬರು ದೂರದಿಂದಲೇ ಓದಬಹುದು.